ಒಂದು ಪೊಟ್ಟಣ ಗಸಗಸೆ, ಎರಡು ಗಡೀಪಾರು

ವಿಮಾನ ಪ್ರಯಾಣದ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದ ಕಾಲವೊಂದಿತ್ತು. ಶಿವಮೊಗ್ಗದ ವಿನೋಬನಗರದ ನಮ್ಮ ಬೀದಿಯಲ್ಲಿ ಆಗ ಪಾಸ್‌ಪೋರ್ಟ್ ಇದ್ದವನು ನಾನೊಬ್ಬನೇ. ಒಂದು ದೇಶಕ್ಕೆ ಜೀವನ ಪರ್ಯಂತ ಕಾಲಿಡಬಾರದೆಂಬ ಮುದ್ರೆ ಬಿದ್ದ ಪಾಸ್‌ಪೋರ್ಟ್ ಇದ್ದವನಂತೂ ಇಡೀ ಜಿಲ್ಲೆಗೆ ನಾನೊಬ್ಬನೇ ಇರಬೇಕು.

ಆ ಮುದ್ರೆಯ ಕತೆ ಚಿಕ್ಕದು. ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ನಾನು ಒಂದು ಅರಬ್ ದೇಶದಲ್ಲಿ ಕೆಲಸಕ್ಕೆ ಸೇರಿದ್ದೆ. ರಜೆ ಮುಗಿಸಿ ವಾಪಸು ಹೊರಟಾಗ ಅಮ್ಮ, ಹಬ್ಬಕ್ಕೆ ಪಾಯಸ ಮಾಡಿಕೋ ಎಂದು ಒಂದು ಪೊಟ್ಟಣ ಗಸಗಸೆ ಕಟ್ಟಿಕೊಟ್ಟಳು. ಆ ದೇಶದಲ್ಲಿ ಗಸಗಸೆ ಮಾದಕ ವಸ್ತುಗಳ ಪಟ್ಟಿಯಲ್ಲಿದೆ ಎಂದು ಅಮ್ಮನಿಗೆ ಯಾರು ಹೇಳಬೇಕಿತ್ತು? ಕಸ್ಟಮ್ಸ್ ಅಧಿಕಾರಿ ಪೊಟ್ಟಣ ಬಿಚ್ಚಿ, ಇದನ್ನು ಏನು ಮಾಡುತ್ತೀಯ ಎಂದು ಕೇಳಿದ. ಬೆಲ್ಲ, ಕಾಯಿ ಹಾಕಿ ಕುದಿಸಿ ಕುಡಿಯುತ್ತೇವೆ ಎಂದೆ. ಕುಡಿದರೆ ಏನಾಗುತ್ತದೆ ಎಂದ. ಸತ್ಯವಂತನಾದ ನಾನು ಸತ್ಯವನ್ನೇ ಹೇಳಿದೆ.

"ಒಳ್ಳೇ ನಿದ್ದೆ ಬರುತ್ತೆ ಸರ್."

ಮುಂದಿನ ವಿಮಾನಕ್ಕೆ ನನ್ನನ್ನು ಹತ್ತಿಸಿಬಿಟ್ಟರು.

ಆಮೇಲೆ ಆಫ್ರಿಕಾದ ಕಾಗದದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಭದ್ರಾವತಿಯ ನ್ಯೂಟೌನಿನಲ್ಲಿ ಹೆಣ್ಣೂ ಸಿಕ್ಕಿತು. ಹೆಸರು ಸುಮಾ. ಅವಳ ಅಪ್ಪ ರುದ್ರಪ್ಪನವರು ಉಕ್ಕಿನ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಒಂದು ಬೋಲ್ಟನ್ನೂ ಕೈಯಲ್ಲಿ ತಿರುಗಿಸಿ ನೋಡದೆ ಒಪ್ಪಿದವರಲ್ಲ. ಹೊರದೇಶದಲ್ಲಿರುವ ಹುಡುಗ ಅಲ್ಲಿ ಏನೇನು ಮಾಡುತ್ತಾನೋ ಎಂಬ ಅನುಮಾನ ಅವರಿಗೆ ಮೊದಲಿನಿಂದಲೂ ಇತ್ತು. ಮಗಳು ಹಟ ಹಿಡಿದಳೆಂದು ಒಪ್ಪಿದ್ದರು. ಗಸಗಸೆಯ ಕತೆಯನ್ನು ನಾನು ಸುಮಾಗೆ ಹೇಳಿದ್ದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕು, ಅಪ್ಪನ ಕಿವಿಗೆ ಮಾತ್ರ ಇದು ಬೀಳಬಾರದು, ಬಿದ್ದರೆ ಮದುವೆ ನಿಂತೇಹೋಗುತ್ತದೆ ಎಂದಿದ್ದಳು.

ಮದುವೆ ಭಾನುವಾರ. ಟಿಕೆಟ್ ಮಾಡಿಸಿದ್ದು ಶಿವಮೊಗ್ಗದಲ್ಲಿ ಟ್ರಾವೆಲ್ಸ್ ಇಟ್ಟಿದ್ದ ನನ್ನ ಗೆಳೆಯ ಮಂಜ. ನೋಡಿದರೆ, ನಾನು ವಿಮಾನ ಬದಲಿಸಬೇಕಾದ್ದು ಅದೇ ಅರಬ್ ದೇಶದಲ್ಲಿ! ಫೋನಿನಲ್ಲಿ ಅವನ ಜನ್ಮ ಜಾಲಾಡಿದೆ. ಅವನು ನಿಧಾನವಾಗಿ ಹೇಳಿದ.

"ಟ್ರಾನ್ಸಿಟ್ ಅಂದ್ರೆ ಒಳಗೆ ಹೋಗೋದಲ್ಲ ಮಾರಾಯ. ಜಗಲಿ ಮೇಲೆ ಕೂತು ಎದ್ದು ಬರೋದು. ಜಗಲೀಲಿ ಕೂರೋನ್ನ ಯಾರು ಬೇಡ ಅಂತಾರೆ?"

ಮಾತಿನಲ್ಲಿ ತರ್ಕವಿತ್ತು. ನಂಬಿದೆ.

ಶುಕ್ರವಾರ ಬೆಳಿಗ್ಗೆ ಆ ಜಗಲಿಯಲ್ಲಿ ಇಳಿದೆ. ಬಲು ಭವ್ಯವಾದ ಜಗಲಿ. ಕಾಫಿ ಕುಡಿದು, ಕಾಲು ಚಾಚಿ, ಮಂಜನನ್ನು ಸುಮ್ಮನೆ ಬೈದೆನಲ್ಲ ಎಂದು ಮರುಗುತ್ತಿರುವಾಗಲೇ ಘೋಷಣೆ ಬಂತು. ಬೆಂಗಳೂರಿನ ವಿಮಾನ ಕೆಟ್ಟು ನಿಂತಿದೆ. ಪ್ರಯಾಣಿಕರಿಗೆಲ್ಲ ದೊಡ್ಡ ಹೋಟೆಲಿನಲ್ಲಿ ಊಟ, ವಸತಿ. ಶನಿವಾರ ಬೆಳಿಗ್ಗೆ ಇನ್ನೊಂದು ಟರ್ಮಿನಲ್ಲಿನಿಂದ ಬೇರೆ ವಿಮಾನ. ಎಲ್ಲರೂ ಖುಷಿಯಿಂದ ಸಾಲು ಹಿಡಿದರು. ನಾನೂ ಹಿಡಿದೆ. ಗಾಜಿನ ಗೂಡಿನಲ್ಲಿದ್ದವನು ನನ್ನ ಪಾಸ್‌ಪೋರ್ಟನ್ನು ಕಂಪ್ಯೂಟರಿಗೆ ತೋರಿಸಿದ. ಕಂಪ್ಯೂಟರ್ ಗಸಗಸೆಯನ್ನು ಮರೆತಿರಲಿಲ್ಲ.

ಹೋಟೆಲ್ ಹಾಳಾಗಿ ಹೋಗಲಿ, ಆ ಇನ್ನೊಂದು ಟರ್ಮಿನಲ್ಲಿಗಾದರೂ ಬಿಡಿ ಎಂದೆ. ಅದು ರಸ್ತೆಯ ಆಚೆ ಇದೆಯಂತೆ. ರಸ್ತೆ ಯಾವ ದೇಶದಲ್ಲಿದೆ? ನಾನು ಕಾಲಿಡಬಾರದ ದೇಶದಲ್ಲಿ. ಹಾಗಾದರೆ ಜಗಲಿಯಿಂದಲೇ ಹೊರಡುವ ವಿಮಾನ ಯಾವಾಗ? ಮಂಗಳವಾರ. ಭಾನುವಾರದ ಮುಹೂರ್ತಕ್ಕೆ ಮಂಗಳವಾರ ಹೊರಡುವ ಮದುಮಗ ನಾನು!

ಈ ಕೌಂಟರಿನವರು ಆ ಕೌಂಟರಿಗೆ ಕಳಿಸಿದರು, ಆ ಕೌಂಟರಿನವರು ಈ ಕೌಂಟರಿಗೆ ಕಳಿಸಿದರು. ಸಂಜೆಯ ಹೊತ್ತಿಗೆ ನನ್ನ ತಲೆ ಕೆಟ್ಟುಹೋಗಿತ್ತು. ನಾನು ನಿಮ್ಮ ದೇಶಕ್ಕೆ ಬರುವುದಿಲ್ಲ ಅನ್ನುತ್ತಿದ್ದೇನೆ, ನೀವೂ ಬರಬೇಡ ಅನ್ನುತ್ತಿದ್ದೀರಿ, ಇಬ್ಬರದೂ ಒಂದೇ ಮಾತಾಗಿರುವಾಗ ಜಗಳ ಯಾತಕ್ಕೆ ಎಂದು ಮೇಜು ಕುಟ್ಟಿದೆ. ಆ ಸದ್ದಿಗೆ ಒಳಗಿನಿಂದ ದೊಡ್ಡ ಅಧಿಕಾರಿಯೊಬ್ಬ ಬಂದ. ಎಲ್ಲವನ್ನೂ ಕೇಳಿ, ಗಡ್ಡ ಸವರಿಕೊಂಡು, ದೇಶದೊಳಗೆ ಬಾರದೆ ಆ ರಸ್ತೆ ದಾಟುವವರು ಒಂದೇ ಜಾತಿಯವರು ಎಂದ. ಗಡೀಪಾರು ಆಗುವವರು.

ಕೈಮುಗಿದು ಬೇಡಿಕೊಂಡೆ. ದಯವಿಟ್ಟು ನನ್ನನ್ನು ಗಡೀಪಾರು ಮಾಡಿ ಎಂದು ಅಂಗಲಾಚಿದವನನ್ನು ಆತ ಅದೇ ಮೊದಲ ಸಲ ನೋಡಿರಬೇಕು. ರಾತ್ರಿಯೆಲ್ಲ ಕುರ್ಚಿಯಲ್ಲಿ ಕಣ್ಣು ಬಿಟ್ಟುಕೊಂಡು ಕೂತೆ. ಬೆಳಿಗ್ಗೆ ಆ ಕಡೆ ಈ ಕಡೆ ಪೊಲೀಸರನ್ನು ಇಟ್ಟುಕೊಂಡು, ಜಾಲರಿ ಹಾಕಿದ ವ್ಯಾನಿನಲ್ಲಿ ರಸ್ತೆ ದಾಟಿದೆ. ಪಾಸ್‌ಪೋರ್ಟನ್ನು ನನ್ನ ಕೈಗೆ ಕೊಡದೆ ಗಗನಸಖಿಯ ಕೈಗೆ ಕೊಟ್ಟರು. ಆಗಲಿ, ಮಾವನವರಿಗೆ ತಿಳಿಯದಿದ್ದರೆ ಸಾಕು ಎಂದುಕೊಂಡೆ.

ಮಾವನವರು ಸೇವಂತಿಗೆ ಹಾರ ಹಿಡಿದು ಬೆಂಗಳೂರಿನ ವಿಮಾನ ನಿಲ್ದಾಣದ ಬಾಗಿಲಲ್ಲೇ ನಿಂತಿದ್ದರು! ನನ್ನ ತೋಳು ಹಿಡಿದು ಹೊರಗೆ ಕರೆತಂದ ಪೊಲೀಸಿನವನು ನೇರ ಅವರ ಹತ್ತಿರವೇ ಹೋದ.

"ಡಿಪೋರ್ಟ್ ಆಗಿ ಬಂದಿರೋ ಪಾರ್ಟಿ. ನೀವು ಇವ್ರಿಗೆ ಏನಾಗ್ಬೇಕು?"

"ಮಾವ ಆಗ್ಬೇಕು. ನಾಳೆಯಿಂದ."

"ಹಂಗಾದ್ರೆ ಯೋಚನೆ ಮಾಡೋಕೆ ಇನ್ನೂ ಟೈಮಿದೆ," ಎಂದು ಅವನು ಹೊರಟುಹೋದ.

ಹಾರ ಅವರ ಕೈಯಲ್ಲೇ ಉಳಿಯಿತು. ಟಾಟಾ ಸುಮೋದಲ್ಲಿ ನಾನು ಗಸಗಸೆಯಿಂದ ಹಿಡಿದು ಎಲ್ಲವನ್ನೂ ಒಪ್ಪಿಸಿದೆ. ಅದರಲ್ಲಿ ಅಮಲಿನ ಅಂಶ ಚೂರೂ ಇಲ್ಲ ಎಂದು ಆಣೆ ಮಾಡಿದೆ. ಪಾಯಸದ ಸಾಮಾನಿಗೆಲ್ಲ ಗಡೀಪಾರು ಮಾಡುತ್ತಾರಾ ಎಂದು ತರೀಕೆರೆ ದಾಟುವವರೆಗೂ ಅವರು ಆ ದೇಶದವರನ್ನು ಬೈದರು, ನನ್ನ ಮುಖ ಮಾತ್ರ ನೋಡಲಿಲ್ಲ. ಮದುವೆ ನಿಂತಿತು ಎಂದೇ ಅಂದುಕೊಂಡೆ. ಭದ್ರಾವತಿ ಹತ್ತಿರ ಬಂದಾಗ ನನ್ನ ಕಡೆ ತಿರುಗಿದರು.

"ನಾಳೆ ಊಟಕ್ಕೆ ಗಸಗಸೆ ಪಾಯಸಾನೇ ಮಾಡಿಸ್ತೀನಿ. ನೀವು ಕುಡೀರಿ, ನಾನು ನೋಡ್ತೀನಿ."

ಧಾರೆ ಸಾಂಗವಾಗಿ ಮುಗಿಯಿತು. ಊಟಕ್ಕೆ ಕೂತಾಗ ಮಾವನವರು ತಾವೇ ಪಾಯಸ ಬಡಿಸಲು ಬಂದರು. ಪ್ರಾಮಾಣಿಕತೆ ಸಾಬೀತುಪಡಿಸುವ ಹುಮ್ಮಸ್ಸಿನಲ್ಲಿ ನಾನು ಮತ್ತೆ ಮತ್ತೆ ಲೋಟ ಒಡ್ಡಿದೆ. ಎರಡು ರಾತ್ರಿ ಕಣ್ಣು ಮುಚ್ಚಿಲ್ಲ ಎಂಬ ಸಣ್ಣ ಸಂಗತಿ ನೆನಪಾಗಲಿಲ್ಲ.

ಊಟದ ನಂತರ ವೇದಿಕೆಯ ಕುರ್ಚಿಯಲ್ಲಿ ಕೂರಿಸಿದ್ದಷ್ಟೇ ನನಗೆ ಗೊತ್ತು. ಉಳಿದದ್ದನ್ನು ಆಲ್ಬಮ್ಮಿನಲ್ಲಿ ನೋಡಿದ್ದೇನೆ. ಎರಡೂ ಕಡೆಯ ನೆಂಟರು ಒಬ್ಬೊಬ್ಬರಾಗಿ ಬಂದು ಸುಮಾಳ ಕೈ ಕುಲುಕುತ್ತಿದ್ದಾರೆ. ಪಕ್ಕದಲ್ಲಿ ನಾನು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದೇನೆ. ಹಿಂದೆ ಮಾವನವರು ನಿಂತು ನನ್ನನ್ನೇ ನೋಡುತ್ತಿದ್ದಾರೆ. ಆಗ ಅವರು ಹೇಳಿದ ಮಾತನ್ನು ಸುಮಾ ಇವತ್ತಿಗೂ ಬಂದವರಿಗೆಲ್ಲ ಹೇಳಿ ನಗುತ್ತಾಳೆ.

"ಪಾಪ, ಆ ದೇಶದೋರನ್ನ ಸುಮ್ನೆ ಬೈದ್ಬಿಟ್ಟೆ."

ಭದ್ರಾವತಿಯ ಆ ಮನೆಯಲ್ಲಿ ಈಗಲೂ ಹಬ್ಬಕ್ಕೆ ಎಲ್ಲರಿಗೂ ಗಸಗಸೆ ಪಾಯಸ. ಅಳಿಯನಿಗೆ ಶಾವಿಗೆ.