ಒಮ್ಮೆ ಬ್ಯಾಡ ಅಂದ್ರ

ನಾನು: ಅಲ್ರಿ ಗೋದಕ್ಕಾ, ಒಮ್ಮೆ ಬ್ಯಾಡ ಅಂದೆ ಅಂತ ಉಂಡಿ ತಾಟು ಎತ್ತಿಕೊಂಡು ಒಳಗ ಹೋಗೂದೇನ್ರಿ?

ಗೋದಾಬಾಯಿ: ನೀನೇ ಬ್ಯಾಡ ಅಂದಿ.

ನಾನು: ಅಂದೆ.

ಗೋದಾಬಾಯಿ: ಮತ್ತ?

ನಾನು: ಮತ್ತ ಏನು? ಬಂದವರು ಬ್ಯಾಡ ಅಂತಾರ, ಮನಿಯವರು ಹಾಕತಾರ. ನಾ ಹುಟ್ಟಿದಾಗಿಂದ ಹಂಗ ನಡದೈತಿ.

ಗೋದಾಬಾಯಿ: ಜರ್ಮನಿಯೊಳಗ ಹಂಗಿಲ್ಲ. ಅಲ್ಲಿ ಬ್ಯಾಡ ಅಂದ್ರ ಬ್ಯಾಡ, ಬೇಕು ಅಂದ್ರ ಬೇಕು. ಹೋದ ದಿವಸನ ಒಬ್ಬಾಕಿ ಕೇಕ್ ತಗೊಂಡು ಬಂದ್ಲು. ನಾ ಬ್ಯಾಡ ಅಂದೆ. ಅಕಿ ನಕ್ಕೋತ ಹೋಗಿಬಿಟ್ಲು. ಹಸಗೊಂಡು ಮಲಗಿದೆ. ಮರುದಿವಸ ಅಕಿ ಕೇಳೂಕ್ಕಿಂತ ಮೊದಲ ಕೈ ಚಾಚಿದೆ.

ನಾನು: ಅಲ್ಲಿ ನೀವು ಹಸದದ್ದಕ್ಕ ಇಲ್ಲಿ ನಮಗ ಉಪವಾಸ ಹಾಕತೀರೇನು?

ಗೋದಾಬಾಯಿ ನನ್ನ ಕಂಪೌಂಡಿನ ಆಚೆ ಮನೆಯವರು. ಧಾರವಾಡದ ಕೆಲಗೇರಿಯಲ್ಲಿ ನಾವು ಮನೆ ಕಟ್ಟಿದ ವರ್ಷವೇ ಅವರೂ ಕಟ್ಟಿದರು. ಅವರ ತಂಗಿಯ ಮಗಳು ಚಿನ್ಮಯೀ ಹಾಡುತ್ತಾಳೆ. ಜರ್ಮನಿಯ ಒಂದು ಸಂಗೀತ ಶಾಲೆಯವರು ಅವಳನ್ನು ಕರೆಸಿಕೊಂಡರು. ಹಿಂದೆ ಕೂತು ತಂಬೂರಿ ಮೀಟಲು ಅವಳು ಗೋದಾಬಾಯಿಯನ್ನು ಕರೆದುಕೊಂಡು ಹೋದಳು. ಸ್ವಲ್ಪ ದಿನಕ್ಕೆಂದು ಹೋದವರು ಊರೂರು ತಿರುಗಿ ಎಂಟು ತಿಂಗಳಿಗೆ ಬಂದರು. ಹೋದ ಗೋದಾಬಾಯಿ ಬೇರೆ, ಬಂದ ಗೋದಾಬಾಯಿ ಬೇರೆ.

ಜಗಳ ಬೇಸನ್ ಉಂಡಿಯದು. ಆದರೆ ಉಂಡಿಯದಷ್ಟೇ ಅಲ್ಲ. ಸೋಮವಾರ ಅವರು ನನಗೆ ಇನ್ನೊಂದು ಮಾತು ಕೇಳಿದ್ದರು. ಮೇ ತಿಂಗಳಲ್ಲಿ ಚಿನ್ಮಯೀ ಮತ್ತೆ ಆರು ತಿಂಗಳಿಗೆ ಹೊರಟಿದ್ದಾಳೆ, ತಂಬೂರಿಗೆ ನಾನಿದ್ದೇನೆ, ಅಡಿಗೆಗೆ ಜೊತೆಗೊಬ್ಬರು ಬೇಕು, ನೀನು ಬರುತ್ತೀಯೇನು ಎಂದು. ನಾನು, ಅಯ್ಯ ನನಗ್ಯಾಕ ಅದೆಲ್ಲಾ, ಬ್ಯಾಡ, ಎಂದೆ. ಅವರು ಆತು ಎಂದು ಎದ್ದು ಹೋದರು. ಗುರುವಾರ ಬಂದರೂ ಮತ್ತೆ ಕೇಳಿರಲಿಲ್ಲ.

ನನಗೆ ಹೋಗಬೇಕಾಗಿತ್ತು.

ಬಾಳಕೃಷ್ಣರಾಯರು ಪೇಪರ್ ಮಡಚಿದರು. ಗೋದಾಬಾಯಿಯ ಯಜಮಾನರು, ಪೋಸ್ಟ್ ಆಫೀಸಿನಿಂದ ನಿವೃತ್ತರಾದವರು.

ರಾಯರು: ಶಿವಬಸವ್ವಾರ, ನಿಮಗ ಒಂದು ಉಂಡಿ ತಪ್ಪೇದ. ನನಗ ಅಕಿ ಬಂದಾಗಿಂದ ಎರಡನೇ ಸಲದ ಅನ್ನ ತಪ್ಪೇದ. ಸಾಕು ಅಂತೇನಿ, ಪಾತೇಲಿ ಎತ್ತಿಬಿಡತಾಳ. ಸಾಕು ಅಂದಮ್ಯಾಲೆನ ನನ್ನ ಖರೇ ಊಟ ಸುರು ಆಗ್ತಿತ್ತು.

ಗೋದಾಬಾಯಿ: ಹೊಟ್ಟಿ ಇಳದದ ನಿಮ್ಮದು. ಡಾಕ್ಟರ್ ಖುಷಿ ಆಗ್ಯಾರ.

ರಾಯರು: ಡಾಕ್ಟರ್ ಉಂಡಿರ್ತಾರ.

ಗೋದಾಬಾಯಿ: ಎಂಟು ತಿಂಗಳು ನಾ ಇರಲಿಲ್ಲಲ್ಲ, ಅವಾಗ ಹೆಂಗ ಮಾಡಿದ್ರಿ?

ರಾಯರು: ಅವಾಗ ಛಲೋ ಉಂಡೆ. ನಾನ ಮಾಡಕೋತಿದ್ದೆ, ನಾನ ನನಗ ಒತ್ತಾಯ ಮಾಡಕೋತಿದ್ದೆ. ಬಾಳಕೃಷ್ಣರಾಯರ ಇನ್ನೊಂದು ತುತ್ತು ಅಂತಿದ್ದೆ. ಹಾಕ್ಕೋತಿದ್ದೆ.

ನಾನು: ಊಟ ಬಿಡ್ರಿ ರಾಯರ. ರಸ್ತಾದಾಗ ಏನು ಮಾಡಿದ್ರು ಕೇಳ್ರಿ. ಹೋದ ವಾರ ಮಧ್ಯಾಹ್ನ ಇಬ್ಬರೂ ಪ್ಯಾಟಿಗೆ ಹೋಗಿದ್ವಿ. ಕೆಂಪು ದೀಪ ಇತ್ತು. ರಸ್ತಾ ಖಾಲಿ ಇತ್ತು. ಇವರು ನಿಂತ್ರು, ನನ್ನನ್ನೂ ಕೈ ಹಿಡದು ನಿಲ್ಲಿಸಿದ್ರು. ಹಿಂದ ಒಂದು ಎಮ್ಮಿ ಬಂತು. ನಿಂತು ನಮ್ಮಿಬ್ಬರನ್ನೂ ನೋಡಿತು. ದಾಟಿ ಹೋತು.

ಗೋದಾಬಾಯಿ: ಎಮ್ಮಿ ಜರ್ಮನಿಗೆ ಹೋಗಿಲ್ಲ.

ರಾಯರು: ಅದು ಬಿಡ್ರಿ. ನಾ ಚಹಾ ಮಾಡಿಕೊಟ್ರ ಧನ್ಯವಾದ ಅಂತಾಳ ನನಗ. ಮದುವಿ ಆದಾಗಿಂದ ಒಮ್ಮೆರ ಅಂದಾಕಿ ಅಲ್ಲ. ಮೊದಲನೇ ಸಲ ಅಂದಾಗ ಇಕಿಗೆ ಏನೋ ದೊಡ್ಡ ಬ್ಯಾನಿ ಬಂದದ, ನನ್ನ ಮುಂದ ಮುಚ್ಚಿಡಲಿಕ್ಕತ್ತಾಳ ಅಂತ ಹೆದರಿದೆ.

ನಾನು: ನನ್ನ ಮನಿಗೆ ಬರಾಕ ಫೋನ್ ಮಾಡತಾರ, ಬರ್ಲೇನು ಅಂತ. ನಡುವ ಇರೂದು ಎದಿಮಟದ ಗ್ವಾಡಿ. ಫೋನಿನ್ಯಾಗೂ ಅದ ಮಾತು ಕೇಳಸ್ತೈತಿ, ಗ್ವಾಡಿ ಮ್ಯಾಲಿಂದನೂ ಅದ ಮಾತು ಕೇಳಸ್ತೈತಿ.

ಗೋದಾಬಾಯಿ: ಕೇಳದ ಒಬ್ಬರ ಮನಿಗೆ ನುಗ್ಗೂದು ಛಲೋ ಅಲ್ಲ.

ನಾನು: ನೆಲಾ ಒರಸಾಕತ್ತೇನಿ, ಈಗ ಬ್ಯಾಡ್ರಿ ಅಂದೆ. ಬರಲೇ ಇಲ್ಲ ನೀವು. ಇಬ್ಬರಿಗೂ ಚಹಾ ಇಟ್ಟಿದ್ದೆ. ಎರಡೂ ನಾನ ಕುಡದೆ.

ಗೋದಾಬಾಯಿ: ಬರೇ ಹಿಂತಾವನ್ನ ಹೇಳ್ತಿ. ಛಲೋದೂ ಕಲತು ಬಂದೇನಲ್ಲ. ಮೊದಲ ಹುಬ್ಬಳ್ಳಿಗೆ ಹೋಗಬೇಕಂದ್ರ ಇವರು ಬಂದು ಬಸ್ ಹತ್ತಿಸಬೇಕಿತ್ತು. ಅಲ್ಲಿ ಒಬ್ಬಾಕಿನ ರೈಲಿನ್ಯಾಗ ಅಡ್ಡಾಡಿದೆ. ಒಮ್ಮೆ ತಪ್ಪು ರೈಲು ಹತ್ತಿ ಯಾವದೋ ಊರಿಗೆ ಹೋದೆ. ಅತ್ತೆ ಮೊದಲ. ಆಮ್ಯಾಲೆ ನೋಡಿದೆ, ಅಲ್ಲೂ ಒಂದು ಕೆರಿ ಇತ್ತು, ಬಾತುಕೋಳಿ ಇದ್ವು, ಮುದುಕ್ರು ಕೂತಿದ್ರು. ತಪ್ಪಿ ಹೋದ ಊರೂ ಊರ ಅಲ್ಲೇನು? ನೋಡಿಕೊಂಡು ಬಂದೆ.

ಈ ಮಾತನ್ನು ಅವರು ಬಂದ ದಿನವೇ ಹೇಳಿದ್ದರು. ಅಂದಿನಿಂದ ನನಗೆ ನಿದ್ದೆ ಸರಿಯಿಲ್ಲ. ನಾನು ಶಿರಗುಪ್ಪಿಯಲ್ಲಿ ಹುಟ್ಟಿ ಧಾರವಾಡಕ್ಕೆ ಬಂದವಳು. ದಾರಿ ತಪ್ಪುವಷ್ಟು ದೂರ ಎಂದೂ ಹೋಗಿಲ್ಲ.

ನಾನು: ಗೋದಕ್ಕಾ, ಒಂದು ಮಾತು. ನೀವು ಯಾರಿಗರ ಏನರ ಕೇಳಿದ್ರಿ ಅಂತ ಇಟಗೋರಿ. ಅವರು ಬ್ಯಾಡ ಅಂದ್ರು. ಇನ್ನೊಮ್ಮೆ ಕೇಳಿದ್ರ ನಿಮ್ಮ ಗಂಟೇನು ಹೋಗ್ತೈತಿ?

ಗೋದಾಬಾಯಿ: ಉಂಡಿ ಬೇಕಾಗೇದೇನು?

ನಾನು: ಉಂಡಿ ಅಲ್ರಿ.

ಗೋದಾಬಾಯಿ: ಚಹಾ?

ನಾನು: ದೊಡ್ಡದು. ಉಂಡಿಗಿಂತ ದೊಡ್ಡದು.

ಗೋದಾಬಾಯಿ: ಹೋಳಿಗಿ ಮಾಡಿಲ್ಲ ಇವತ್ತ.

ರಾಯರು: ಮಾಡಿದ್ರೂ ನಮಗ ತಲಿಗೊಂದ.

ಗೋದಾಬಾಯಿ ಒಳಗೆ ಹೋಗಿ ಉಂಡಿಯ ತಾಟನ್ನೇ ತಂದು ನನ್ನ ಮುಂದೆ ಹಿಡಿದರು.

ಗೋದಾಬಾಯಿ: ತಗೋ.

ನಾನು: ಬ್ಯಾಡ್ರಿ.

ಬಾಯಿ ತಾನಾಗಿಯೇ ಅಂದುಬಿಟ್ಟಿತು. ತಾಟು ಒಳಗೆ ಹೋಯಿತು.

ರಾಯರು: ಹೋತು. ನಾ ಕೈ ಮುಂದ ಮಾಡೂದರಾಗ ಹೋತು.

ಗೋದಾಬಾಯಿ ಒಳಗಿನಿಂದ ಫೋನ್ ಹಿಡಿದು ಬಂದರು.

ಗೋದಾಬಾಯಿ: ಕಾವೇರಿಗೆ ಕೇಳಿಬಿಡತೇನಿ. ಚಿನ್ಮಯೀಗೆ ಇವತ್ತ ಹೆಸರು ಹೇಳಬೇಕಾಗೇದ, ತಿಕೀಟು ತಗಸ್ತಾಳ.

ನಾನು: ಯಾವ ಕಾವೇರಿ?

ಗೋದಾಬಾಯಿ: ನಮ್ಮ ಎದುರುಮನಿ ಕಾವೇರಿ. ಇನ್ಯಾವ ಕಾವೇರಿ ಇದ್ದಾಳ?

ನಾನು: ಅಕಿ ರೊಟ್ಟಿ ಬಡದ್ರ ನಾಕೂ ಕಡೆ ಹರೀತೈತಿ.

ಗೋದಾಬಾಯಿ: ಹರದ್ರೂ ಭಕ್ರಿ ಬಿಸಿ ಇರ್ತಾವ. ತಣ್ಣನ ಬ್ರೆಡ್ ತಿಂದ್ರ ಚಿನ್ಮಯೀ ದನಿ ಏಳೂದಿಲ್ಲ.

ನಾನು: ಕಾವೇರಿಗೆ ನೆಗಡಿ ಭಾಳ ಆಗ್ತೈತಿ.

ಗೋದಾಬಾಯಿ: ಹಾಡಾಕಿ ಅಕಿ ಅಲ್ಲಲ್ಲ. ನೀ ಅಂತೂ ಬ್ಯಾಡ ಅಂದಿ. ನಿನಗ್ಯಾಕ ಅದರ ಚಿಂತಿ?

ನಾನು: ನನಗ್ಯಾಕ ಚಿಂತಿ? ನನಗೇನೂ ಇಲ್ಲ.

ರಾಯರು ನನ್ನನ್ನೇ ನೋಡುತ್ತಿದ್ದರು.

ರಾಯರು: ಶಿವಬಸವ್ವಾರ, ಮಂಗಳವಾರ ನಿಮ್ಮನ್ನ ಸುಭಾಸ ರೋಡಿನ್ಯಾಗ ನೋಡಿದೆ. ಅರಿವಿ ಅಂಗಡಿಯೊಳಗ ಕೂತಿದ್ರಿ. ಅಂಗಡಿಯವ ಏಣಿ ಹಾಕಿ ಅಟ್ಟದ ಮ್ಯಾಲಿಂದ ಉಣ್ಣಿ ಸ್ವೆಟರ್ ಇಳಸಲಿಕ್ಕತ್ತಿದ್ದ. ಬೆವರು ಧಾರಾಕಾರ ಸುರೀಲಿಕ್ಕತ್ತಿತ್ತು ಅವಗ.

ನಾನು: ಥಂಡಿ ಇತ್ತು.

ರಾಯರು: ಹೋಳಿ ಹುಣ್ಣಿವಿ ಬಂತು.

ನಾನು: ನನಗ ಥಂಡಿ ಇತ್ತು.

ರಾಯರು: ಕೈಗವಸನೂ ಕೇಳಿದ್ರಿ.

ನಾನು: ಪಾತ್ರಿ ತಿಕ್ಕಾಕ.

ಗೋದಾಬಾಯಿ ಇದಕ್ಕೆ ಕಿವಿ ಕೊಡಲಿಲ್ಲ. ಫೋನ್ ಹಚ್ಚಿದರು. ಮಾತು ಮನೆಗೆಲ್ಲ ಕೇಳುವ ಹಾಗೆ ಫೋನ್ ಇಡುವುದು ಅವರ ಹಳೆಯ ರೂಢಿ. ಅದನ್ನು ಮಾತ್ರ ಜರ್ಮನಿ ಬಿಡಿಸಿರಲಿಲ್ಲ.

ಗೋದಾಬಾಯಿ: ಕಾವೇರೀ, ಮೇ ತಿಂಗಳಾಗ ಚಿನ್ಮಯೀ ಕೂಡ ಜರ್ಮನಿಗೆ ಬರ್ತಿಯೇನು? ಆರು ತಿಂಗಳು. ಅಡಗಿ ಮಾಡೂದು, ಊರು ನೋಡೂದು.

ಕಾವೇರಿ: ಅಯ್ಯ, ನನಗ್ಯಾಕ್ರಿ ಅಕ್ಕಾರ ಅದೆಲ್ಲಾ? ಬ್ಯಾಡ್ರಿ.

ಗೋದಾಬಾಯಿ: ಆತವಾ. ಇಡ್ತೇನಿ.

ಕಾವೇರಿ ಇನ್ನೂ ಏನೋ ಅನ್ನುತ್ತಿದ್ದಳು. ಫೋನ್ ಕಟ್ಟಾಯಿತು.

ರಾಯರು: ಹಿಂಗಾದ್ರ ಧಾರವಾಡದಿಂದ ಒಬ್ಬರೂ ಹೊರಗ ಬೀಳೂದಿಲ್ಲ. ಇನ್ನೊಮ್ಮೆ ಕೇಳತಾರಂತ ಎಲ್ಲಾರೂ ಮನ್ಯಾಗ ಕೂತಿರ್ತಾರ.

ಗೋದಾಬಾಯಿ: ಬೇಕಾಗಿದ್ರ ಬೇಕು ಅನ್ನಬೇಕು. ಬಾಯಿ ಇಲ್ಲೇನು? ಇಬ್ಬರೂ ಬ್ಯಾಡ ಅಂದ್ರಿ. ಬೇರೆ ಊರಾಗ ಯಾರನ್ನರ ನೋಡಕೋ ಅಂತೇನಿ ಚಿನ್ಮಯೀಗೆ.

ನಾನು: ಬೇಕು ಅಂದು ರೂಢಿ ಇಲ್ರಿ.

ಗೋದಾಬಾಯಿ: ಹಂಗಂದ್ರ?

ನಾನು: ನಮ್ಮವರು ಇದ್ರಲ್ಲ. ನಾ ಬ್ಯಾಡ ಅಂದ್ರ ಅವರು ಮುಖಾ ನೋಡತಿದ್ರು. ಸೀರಿ ಅಂಗಡಿಯಾಗ ಬ್ಯಾಡ ಅಂದ್ರ ಕಟ್ಟಿಸಿಕೊಂಡು ಬರತಿದ್ರು. ಖರೇನ ಬ್ಯಾಡಾಗಿದ್ದಾಗ ಸುಮ್ಮನ ಆಗತಿದ್ರು. ಹೆಂಗ ತಿಳೀತಿತ್ತೋ, ನಾ ಕೇಳಿಲ್ಲ. ಪಾಸ್‌ಪೋರ್ಟ್ ಮಾಡಸೂಣು, ದುಬೈ ನೋಡಿ ಬರೂಣು ಅಂದ್ರು. ಬ್ಯಾಡ ಅಂದೆ. ಹುಬ್ಬಳ್ಳಿಗೆ ಕರಕೊಂಡು ಹೋಗಿ ಎಲ್ಲಾ ಮಾಡಿಸಿದ್ರು. ಪಾಸ್‌ಪೋರ್ಟ್ ಮನಿಗೆ ಬಂತು. ಅವರು ಸತ್ತೂರ ದವಾಖಾನಿಯಿಂದ ಮನಿಗೆ ಬರಲಿಲ್ಲ. ಈಗ ನನಗ ಎರಡನೇ ಸಲ ಕೇಳವರು ಯಾರೂ ಇಲ್ಲ.

ರಾಯರು ಮಡಚಿದ ಪೇಪರನ್ನು ಮತ್ತೆ ಮಡಚಿದರು. ಗೋದಾಬಾಯಿ ನನ್ನ ಮುಖ ನೋಡಿದರು. ಸ್ವಲ್ಪ ಹೊತ್ತು ನೋಡಿದರು. ಏನೋ ಕೇಳಲು ಬಾಯಿ ತೆರೆದರು.

ಫೋನ್ ಬಂತು.

ಕಾವೇರಿ: ಅಕ್ಕಾರ, ಅವಾಗ ಸರಿ ಕೇಳಸಲಿಲ್ಲ ನೋಡ್ರಿ. ಏನೋ ಜರ್ಮನಿ ಅನ್ನಾಕತ್ತಿದ್ರಿ?

ಅವಳಿಗೆ ಸರಿಯಾಗಿಯೇ ಕೇಳಿಸಿತ್ತು. ನಾಲ್ಕು ದಿನದಿಂದ ನಾನು ಮಾಡುತ್ತಿದ್ದುದನ್ನೇ ಅವಳು ಮಾಡುತ್ತಿದ್ದಳು. ನನಗಿಂತ ಜಾಣೆ, ಬೇಗನೆ ಮಾಡಿದಳು. ನಾನು ಬಗ್ಗಿ ಫೋನಿಗೆ ಬಾಯಿ ಇಟ್ಟೆ.

ನಾನು: ನಾ ಬರ್ತೇನಿ.

ಕಾವೇರಿ: ಯಾರದು?

ನಾನು: ಶಿವಬಸವ್ವ. ಜರ್ಮನಿಗೆ ನಾ ಹೊಂಟೇನಿ. ನಿನಗ ನೆಗಡಿ ಐತಿ, ಫೋನ್ ಇಡು.

ಕಾವೇರಿ: ನನಗೆಲ್ಲೈತ್ರಿ ನೆಗಡಿ?

ನಾನು: ಅಲ್ಲಿ ಹೋದ್ರ ಬರ್ತೈತಿ.

ಫೋನನ್ನು ನಾನೇ ಕಟ್ ಮಾಡಿದೆ. ರಾಯರ ಹೊಟ್ಟೆ ನಗುವಿಗೆ ಕುಣಿಯುತ್ತಿತ್ತು, ದನಿ ಹೊರಗೆ ಬರುತ್ತಿರಲಿಲ್ಲ.

ಗೋದಾಬಾಯಿ: ಖರೇನ ಬರ್ತಿ?

ನಾನು: ಬರ್ತೇನಿ.

ಗೋದಾಬಾಯಿ: ನೋಡು, ಆರು ತಿಂಗಳು. ಖರೇನ?

ನಾನು: ಒಮ್ಮೆ ಹೇಳಿದ್ರ ಸಾಲೂದಿಲ್ಲೇನ್ರಿ ನಿಮಗ? ಜರ್ಮನಿಗೆ ಹೋಗಿ ಬಂದವರು.

ಎರಡನೇ ಸಲ ಕೇಳಿದ್ದಕ್ಕೆ ನನಗೆ ಖುಷಿಯಾಗಿತ್ತು. ಹೇಳಲಿಲ್ಲ.

ಉಂಡಿಯ ತಾಟು ಮತ್ತೆ ಹೊರಗೆ ಬಂತು. ಗೋದಾಬಾಯಿ ಕೇಳಲಿಲ್ಲ, ನಡುವೆ ಇಟ್ಟರು. ನಾನು ಎರಡು ತಗೊಂಡೆ. ರಾಯರು ಎಷ್ಟು ತಗೊಂಡರೋ ನೋಡಲಿಲ್ಲ, ತಾಟು ಖಾಲಿಯಾಯಿತು. ಚಿನ್ಮಯೀಗೆ ಫೋನ್ ಹೋಯಿತು. ರೊಟ್ಟಿ ಹಿಟ್ಟು ಅಲ್ಲಿ ಸಿಗುತ್ತದೆಯೇ, ಹಂಚು ಒಯ್ಯಬೇಕೇ, ವಿಮಾನದಲ್ಲಿ ಕಿಟಕಿ ಯಾರಿಗೆ ಎಂದು ಮಾತಾಡುವುದರಲ್ಲಿ ದೀಪ ಹಚ್ಚುವ ಹೊತ್ತಾಯಿತು. ನಾನು ಎದ್ದೆ. ಗೋದಾಬಾಯಿ ಬಾಗಿಲ ತನಕ ಬಂದರು.

ಗೋದಾಬಾಯಿ: ಉಂಡು ಹೋಗಲ್ಲವಾ, ಹೊತ್ತಾತು.

ನಾನು: ಹೂಂ.

ನಾನು ತಿರುಗಿ ಬಂದು ಕೂತೆ. ಗೋದಾಬಾಯಿ ಬಾಗಿಲಲ್ಲೇ ನಿಂತರು.

ಗೋದಾಬಾಯಿ: ಖರೇನ ಉಣ್ತಿ?

ನಾನು: ಬೇಕು ಅಂದ್ರ ಬೇಕು. ನೀವ ಹೇಳಿದ್ರಿ.

ಗೋದಾಬಾಯಿ: ಅಲ್ಲ, ನೀ ಬ್ಯಾಡ ಅಂತಿ ಅಂತ ತಿಳದು ಅಂದೆ ನಾ. ಒಲಿಮ್ಯಾಲೆ ಏನೂ ಇಟ್ಟಿಲ್ಲ.

ರಾಯರು ಪೇಪರ್ ಬಿಟ್ಟು ಎದ್ದರು. ಅಂಗಿಯ ತೋಳು ಮೇಲೇರಿಸಿ ಅಡಿಗೆಮನೆ ಕಡೆ ನಡೆದರು.

ರಾಯರು: ಕೂತಗೋರಿ ಇಬ್ಬರೂ. ಕಡ್ಲಿಹಿಟ್ಟಿನ ಜುಣಕಾ ನಾ ಮಾಡತೇನಿ, ಬಡಸಾಂವನೂ ನಾನ. ಯಾರರ ಸಾಕು ಅಂದ್ರ ನಾ ಬಿಡಾಂವಲ್ಲ ಮತ್ತ. ನಾ ಇನ್ನೂ ಧಾರವಾಡ ಬಿಟ್ಟು ಎಲ್ಲೂ ಹೋಗಿಲ್ಲ.