ಬೋಳು ಕುಂಡದ ಬಾಣಂತನ

ಎಲ್ಲ ತಕರಾರಿಗೂ ಮೂಲ ಒಂದು ಬೋಳು ಕುಂಡ. ಚಳಿಗಾಲ ಬಂತೆಂದರೆ ಪಿಯೋನಿ ಹೂವಿನ ಗಿಡ ಮೇಲೆಲ್ಲ ಒಣಗಿ, ಬೇರು ಮಾತ್ರ ಮಣ್ಣೊಳಗೆ ಮುಸುಕೆಳೆದು ಮಲಗಿಬಿಡುತ್ತದೆ. ಸೊಂಟ ಮುರಿದು ಆಸ್ಪತ್ರೆಯಲ್ಲಿದ್ದ ಲೀಸೆಲ್ ಬೆಳಿಗ್ಗೆಯೇ ಗಂಡನಿಗೆ ಫೋನು ಮಾಡಿ ಅಪ್ಪಣೆ ಕೊಟ್ಟಳು: "ಇವತ್ತು ವಿಪರೀತ ಚಳಿಯಂತೆ. ನನ್ನ ಪಿಯೋನಿ ಹೆಪ್ಪುಗಟ್ಟದ ಹಾಗೆ ನೋಡ್ಕೊಳ್ಳಿ. ಮೇ ತಿಂಗಳಲ್ಲಿ ಅದು ಅರಳೋ ಹೊತ್ತಿಗೆ ನಾನು ಕೋಲಿಲ್ಲದೆ ನಡೀಬೇಕು."

ಬಾಲ್ಕನಿಯಲ್ಲಿ ಬೋಳು ಕುಂಡಗಳು ಎರಡಿದ್ದವು: ಪುಟ್ಟದು ನೀಲಿ, ದೊಡ್ಡದು ಕಂದು. ಉಲ್ಮ್ ಊರಿನಲ್ಲಿ ಮೂವತ್ತು ವರ್ಷ ಟ್ರಾಮ್ ಓಡಿಸಿದ ಒಟ್ಮಾರ್‌ಗೆ ಅನುಮಾನವೇ ಬರಲಿಲ್ಲ. ಹೆಂಡತಿ ಹೇಳಿದ್ದೆಂದರೆ ಭಾರದ್ದೇ ಇರಬೇಕು.

ಕಂದು ಕುಂಡವನ್ನು ತಬ್ಬಿ, ತುಂಬು ಬಸುರಿಯಂತೆ ಹಿಂದಕ್ಕೆ ಬಾಗಿ ಮೆಟ್ಟಿಲಿಳಿದ. ದಾರಿಯುದ್ದಕ್ಕೂ ಮಣ್ಣು ಉದುರಿತು. ಕೆಳಮನೆಯ ಬಾಯರ್ಲೆಯಮ್ಮನ ಬಾಗಿಲಲ್ಲಿ, ಮೆಟ್ಟಿಲು ಗುಡಿಸುವುದು ಈ ವಾರ ಯಾರ ಸರದಿಯೆಂದು ಸಾರುವ ಹಲಗೆ ನೇತಾಡುತ್ತಿತ್ತು.

"ಏನ್ರೀ, ನನ್ನ ಮೆಟ್ಟಿಲ ಮೇಲೆ ಬಿತ್ತನೆ ಮಾಡ್ತಿದೀರಾ?" ಎನ್ನುತ್ತ ಆಕೆ ಪೊರಕೆ ಹಿಡಿದೇ ಬಂದಳು. ವಿಷಯ ತಿಳಿದು ಮೆತ್ತಗಾದಳು. "ನೆಲಮಾಳಿಗೆಯಲ್ಲಿಡಿ."

ನೆಲಮಾಳಿಗೆಯಲ್ಲಿ ಮೇಲ್ಮನೆಯ ಹಾಗ್ ಮೇಷ್ಟ್ರಿದ್ದರು. "ಇಲ್ಲಿ ಬಾಯ್ಲರ್ ಉರೀತಿದೆ ಮಾರಾಯ್ರೇ! ಗಿಡ ಬೇಸಿಗೆ ಬಂತು ಅಂತ ಎದ್ದು ಕೂತ್ಕೊಳ್ಳುತ್ತೆ. ಮೆಟ್ಟಿಲ ಕಿಟಕಿ ಹತ್ರ ಇಡಿ."

ಮತ್ತೆ ಹತ್ತಿದ. "ಅಲ್ಲಿ ಬೇಡ! ಗಾಳಿಗೆ ಅಂತ ನಾನು ದಿನಾ ಆ ಕಿಟಕಿ ತೆಗೀತೀನಿ" ಎಂದಳು ಬಾಯರ್ಲೆಯಮ್ಮ. ಆಕೆ ತೆಗೆಯುವುದು, ಮೇಷ್ಟ್ರು ಮುಚ್ಚುವುದು. ಅದಕ್ಕೇ ಇಬ್ಬರಿಗೂ ಆರು ವರ್ಷದಿಂದ ಮಾತಿಲ್ಲ. "ಅಂಗಳದ ಗೋಡೆಗೆ ಒತ್ತಿಡಿ."

ಒಟ್ಮಾರ್ ಅಂಗಳಕ್ಕಿಳಿದ. ಹಿಂದೆಯೇ ಇಬ್ಬರೂ ಬಂದರು.

"ಆಯಮ್ಮಂಗೆ ಹೇಳಿ, ಕಲ್ಲಿನ ಮೇಲಿಟ್ರೆ ತಳದಿಂದ ಚಳಿ ಏರುತ್ತೆ ಅಂತ."

"ಮೇಷ್ಟ್ರಿಗೆ ಹೇಳಿ, ಮಣೆ ತರೋಕೆ ಅವರಿಗೂ ಕೈಕಾಲಿದೆ ಅಂತ."

"ಗೋಣಿಚೀಲ ಒಂದು ಸುತ್ತು ಸಾಕಾ ಕೇಳಿ."

"ಒಂದು ಎಲ್ಲಿ ಸಾಕಾಗುತ್ತೆ ಮೇಷ್ಟ್ರೇ? ಮೂರು ಬೇಕು. ಆ ತುದಿ ಹಿಡೀರಿ!"

ಮೌನ ಮುರಿದದ್ದು ಇಬ್ಬರಿಗೂ ಗೊತ್ತೇ ಆಗಲಿಲ್ಲ. ಸಂಜೆಗೆ ಕೆಳಗೆ ಮಣೆ, ಸುತ್ತ ಗೋಣಿ, ಮೇಲೆ ಮೇಷ್ಟ್ರ ಉಣ್ಣೆ ಟೋಪಿ. ಕುಂಡ ಬಾಣಂತಿಯಂತೆ ಕೂತಿತ್ತು.

ಒಟ್ಮಾರ್ ಮನೆಗೆ ಹೋಗಿ ಹೆಮ್ಮೆಯಿಂದ ಫೋನು ಮಾಡಿದ.

"ಕಂದು ಕುಂಡಾನಾ?" ಎಂದಳು ಲೀಸೆಲ್. "ಅದರಲ್ಲಿರೋದು ಬರೀ ಹಳೇ ಮಣ್ಣು ಕಣ್ರೀ! ಗಿಡ ನೀಲಿ ಕುಂಡಕ್ಕೆ ಬದಲಾಯಿಸ್ದಾಗ ನೀವು ಟೀವಿ ಮುಂದೆ ಗೊರಕೆ ಹೊಡೀತಿದ್ರಿ." ಆಮೇಲೆ ನಗಲು ಶುರುಮಾಡಿದಳು. ಬಿದ್ದ ದಿನದಿಂದ ಅವಳು ನಕ್ಕಿರಲಿಲ್ಲ. ಆ ನಗು ಕೇಳಿ ನರ್ಸು ಓಡಿ ಬಂದಳಂತೆ.

ಗೋಣಿ ಮುಗಿದಿತ್ತು. ಒಟ್ಮಾರ್ ತನ್ನ ಚಳಿಕೋಟನ್ನೇ ನೀಲಿ ಕುಂಡಕ್ಕೆ ಸುತ್ತಿ, ನಿಜ ಹೇಳಿಬಿಡೋಣವೆಂದು ನಡುಗುತ್ತ ಕೆಳಗಿಳಿದ.

ಅಂಗಳದಲ್ಲಿ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಒಂದೇ ಫ್ಲಾಸ್ಕಿನ ಕಾಫಿ ಕುಡಿಯುತ್ತಿದ್ದರು.

"ಕಿಟಕಿ ಇನ್ಮೇಲೆ ಐದೇ ನಿಮಿಷ ಅಂತ ಒಪ್ಕೊಂಡ್ವಿ" ಎಂದರು ಮೇಷ್ಟ್ರು. "ಅಂದ ಹಾಗೆ, ಮಣ್ಣಲ್ಲಿ ಬೆರಳಿಟ್ಟು ನೋಡ್ದೆ. ಬೇರಿನ ಮೇಲೆ ಮೊಗ್ಗು ತಾಗ್ತಿದೆ."

"ನಂಗೂ ತಾಗ್ತು!" ಎಂದಳು ಬಾಯರ್ಲೆಯಮ್ಮ. "ನೀವೇನೋ ಹೇಳೋಕೆ ಬಂದ್ರಲ್ಲ?"

ಒಟ್ಮಾರ್ ಕುಂಡದ ಮೇಲಿನ ಟೋಪಿ ನೆಟ್ಟಗೆ ಮಾಡಿದ. "ಟೋಪಿ ಚೆನ್ನಾಗೊಪ್ಪುತ್ತೆ ಅಂತ..."

"ಒಪ್ಪುತ್ತೆ. ಮೆಟ್ಟಿಲ ಮೇಲಿರೋ ಮಣ್ಣು ಮಾತ್ರ ಒಪ್ಪಲ್ಲ." ಆಕೆ ಸರದಿಯ ಹಲಗೆಯನ್ನು ಅವನ ಕೈಗಿತ್ತಳು.

ಕೋಟಿಲ್ಲದೆ ಮೂರು ಮಹಡಿ ಗುಡಿಸಿದ. ಮೇ ತಿಂಗಳೊಳಗೆ ಯಾರಿಗೂ ಕಾಣದಂತೆ ಗಿಡವನ್ನು ಕಂದು ಕುಂಡಕ್ಕೆ ದಾಟಿಸಬೇಕು. ಲೀಸೆಲ್ ಬಂದರೆ ಉಪಾಯ ಹುಡುಕಿಯಾಳು, ನಡೆದುಕೊಂಡೇ ಬಂದಾಳು. ಗುಡಿಸಿದ ಮಣ್ಣನ್ನು ಟೋಪಿ ಸರಿಸಿ ಕುಂಡಕ್ಕೆ ಸುರಿಯಹೋದ.

ಬೆಂಚಿನಿಂದ ಇಬ್ಬರೂ ಒಟ್ಟಿಗೇ ಕೂಗಿದರು: "ನಿಧಾನ ಕಣ್ರೀ! ಮೊಗ್ಗಿಗೆ ಪೆಟ್ಟಾದೀತು!"