ಗೋಡೆಯಾಚೆಗೆ ಬಾಗಿದ ದಾಸವಾಳ

ಪೂಜೆಗೆ ಹೂ ಬೇಕಾದರೆ ಕೊಳ್ಳಬೇಕು, ಬೆಳೆಯಬೇಕು, ಇಲ್ಲವೇ ಬೆಳಗಿನ ವಾಕಿಂಗಿಗೆ ಹೋಗಬೇಕು. ನಾನು ವಾಕಿಂಗಿನ ಪಂಗಡದವಳು. ಇದನ್ನು ಕಳ್ಳತನ ಎನ್ನುವವರಿದ್ದಾರೆ. ಬೇರೆ ಯಾರೂ ಅಲ್ಲ, ನಮ್ಮ ಯಜಮಾನರೇ. ನಾನು ಒಪ್ಪುವುದಿಲ್ಲ. ಕಾಂಪೌಂಡಿನ ಒಳಗಿನ ಹೂ ಮನೆಯವರದು, ರಸ್ತೆಗೆ ಬಾಗಿದ್ದು ದೇವರದು. ದೇವರಿಗೆ ನಾಲ್ಕು ಕೈಯಿದ್ದರೂ ತಾನೇ ಬಂದು ಕೊಯ್ದುಕೊಳ್ಳುವುದಿಲ್ಲವಲ್ಲ, ಅದಕ್ಕೇ ನಾನು ಹೋಗುತ್ತೇನೆ.

ತೊಂಬತ್ತರ ದಶಕದಲ್ಲಿ ಬನಶಂಕರಿಯ ನಮ್ಮ ಬೀದಿಗಳಲ್ಲಿ ನನಗೆ ಸಾಟಿಯೇ ಇರಲಿಲ್ಲ. ಯಾವ ಮನೆಯ ನಾಯಿ ಬರೀ ಬೊಗಳುತ್ತದೆ, ಯಾವುದು ಕಚ್ಚುತ್ತದೆ ಎಂಬುದೆಲ್ಲ ನನಗೆ ಬಾಯಿಪಾಠ. ಕೆಟ್ಟ ಗಳಿಗೆಯಲ್ಲಿ ಎದುರುಮನೆಯ ಪದ್ಮಳಿಗೂ ಈ ವಿದ್ಯೆ ಕಲಿಸಿದೆ. ಒಂದು ಬೆಳಿಗ್ಗೆ ಮೂಲೆಮನೆ ನಂಜಪ್ಪನವರ ಕೆಂಪು ದಾಸವಾಳದ ಗಿಡದ ಬಳಿ ಹೋದರೆ ಗಿಡ ಬೋಳು. ಪದ್ಮಳ ಪ್ಲಾಸ್ಟಿಕ್ ಕವರು ತುಂಬಿತ್ತು.

"ಯಾಕೆ ಕಮಲಕ್ಕ, ಲೇಟಾಯ್ತಾ?" ಎಂದಳು. ಮೈಯೆಲ್ಲ ಉರಿದುಹೋಯಿತು.

ಮರುದಿನ ಇನ್ನೂ ಬೇಗ ಎದ್ದೆ. ಅವಳೂ ಎದ್ದಳು. "ಹಿಂಗೇ ಹೋದ್ರೆ ನಾಳೆ ಪೂಜೆಗೆ ಇವತ್ತೇ ಹೂ ಕೊಯ್ತೀಯ ಕಣೇ" ಎಂದು ಯಜಮಾನರು ಹಾಸ್ಯ ಮಾಡಿದರು. ಅವರ ಬಾಯಿಂದ ಜೀವಮಾನದಲ್ಲಿ ಬಂದ ಒಂದೇ ಒಳ್ಳೆಯ ಸಲಹೆ ಅದು. ಸಂಜೆಯೇ ಮೊಗ್ಗು ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ದಾಸವಾಳ ಬೆಳಿಗ್ಗೆ ನಮ್ಮ ಮನೆಯಲ್ಲೇ ಅರಳುತ್ತದೆ! ಒಂದು ವಾರ ನಾನೇ ರಾಣಿ. ಆಮೇಲೆ ಪದ್ಮಳೂ ಸಂಜೆಯ ವಾಕಿಂಗ್ ಶುರುಮಾಡಿದಳು. ಸಾಯಂಕಾಲ ಹೋದರೆ ಗಿಡದ ಅರ್ಧ ಮೊಗ್ಗು ಮಾಯವಾಗಿರುತ್ತಿತ್ತು. ಉಳಿದರ್ಧವನ್ನು ನಾನೂ ಬಿಡುತ್ತಿರಲಿಲ್ಲ.

ಹೀಗಿರುವಾಗ ಒಂದು ಸಂಜೆ ಮೊಗ್ಗುಗಳನ್ನು ಸೆರಗಿಗೆ ಹಾಕಿಕೊಂಡು ತಿರುಗುತ್ತೇನೆ, ಗೇಟಿನಲ್ಲಿ ನಂಜಪ್ಪನವರು! ಆ ಜಾಗದಲ್ಲೆಲ್ಲ ಒಂದು ಕಾಲಕ್ಕೆ ರಾಗಿ ಬೆಳೆದವರು. ಈಗ ಮೂರು ಮನೆ ಬಾಡಿಗೆಗೆ ಕೊಟ್ಟು ಆರಾಮಾಗಿದ್ದರು.

"ನೋಡಿ ಮೇಡಂ, ಈ ಗಿಡಕ್ಕೇನೋ ರೋಗ ಬಂದೈತೆ. ಒಂದು ಹೂ ಕಂಡು ಎಷ್ಟು ದಿನ ಆಯ್ತೋ! ನಾಳೆ ಬೆಳಿಗ್ಗೆ ಕಡಿಯೋಕೆ ಆಳು ಬರ್ತಾನೆ. ಕಾರು ನಿಲ್ಸೋಕಾದ್ರೂ ಜಾಗ ಆಯ್ತದೆ."

"ಅಯ್ಯೋ, ಕಡೀಬೇಡಿ! ತುಂಬಾ ಹೂ ಬಿಡತ್ತೆ!" ಎಂದುಬಿಟ್ಟೆ.

"ನಿಮಗೆಂಗೆ ಗೊತ್ತು?"

ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು, "ನೋಡಿದ್ರೇ ಗೊತ್ತಾಗತ್ತೆ" ಎಂದು ಮನೆಗೆ ಬಂದೆ. ಊಟ ಸೇರಲಿಲ್ಲ. ಗಿಡವೇ ಹೋದರೆ ಪದ್ಮಳನ್ನು ಸೋಲಿಸುವುದಾದರೂ ಎಲ್ಲಿ?

ಬೆಳಗಾಗುವಷ್ಟರಲ್ಲಿ ಒದ್ದೆ ಬಟ್ಟೆಯಲ್ಲಿ ಮೊಗ್ಗುಗಳು ಅರಳಿದ್ದವು. ನಮ್ಮ ಮನೆದೇವರಿಗೆ ಅಂದು ಬರೀ ತುಳಸಿ. ಹೂವಿನ ತೊಟ್ಟಿಗೆಲ್ಲ ದಾರದ ಕುಣಿಕೆ ಕಟ್ಟಿ, ಕೊಂಬೆ ಬಗ್ಗಿಸುವ ದೋಟಿಯನ್ನೂ ಹಿಡಿದು ಹೊರಟೆ. ಗಿಡದ ಬಳಿ ಯಾರೋ ನಿಂತಿದ್ದರು. ಪದ್ಮ! ನಂಜಪ್ಪನವರು ಅವಳಿಗೂ ಹೇಳಿದ್ದರಂತೆ. ತನ್ನ ಪಾಲಿನ ಹೂಗಳನ್ನು ಆಗಲೇ ಕೆಳಗಿನ ಕೊಂಬೆಗೆಲ್ಲ ಕಟ್ಟಿ ಮುಗಿಸಿದ್ದಳು.

"ಇವತ್ತೂ ಲೇಟೇ, ಕಮಲಕ್ಕ" ಎಂದಳು.

ನಾನು ದೋಟಿ ಎತ್ತಿದೆ. ದೋಟಿಯ ತುದಿಗೆ ಒಂದೊಂದೇ ಹೂ ಸಿಕ್ಕಿಸಿ, ಅವಳ ಕೈ ಈ ಜನ್ಮದಲ್ಲಿ ಎಟುಕದ ತುದಿಕೊಂಬೆಗೆ ನೇತುಹಾಕಿದೆ. ಕತ್ತು ನೋವು ಹತ್ತಿತು, ಬಿಡಲಿಲ್ಲ.

ನಂಜಪ್ಪನವರು ಎದ್ದು ಬಂದು, ಬಾಯಿ ಬಿಟ್ಟುಕೊಂಡು ನಿಂತು, ಕೊಡಲಿಯವನನ್ನು ವಾಪಸು ಕಳಿಸಿದರು. ಗಿಡ ಉಳಿದದ್ದು ತನ್ನ ಹೂಗಳಿಂದಲೇ ಎಂದು ಪದ್ಮ ಇವತ್ತಿಗೂ ಊರೆಲ್ಲ ಹೇಳಿಕೊಂಡು ತಿರುಗುತ್ತಾಳೆ. ಹೇಳಿಕೊಳ್ಳಲಿ. ನಂಜಪ್ಪನವರು ಮೊದಲು ತಲೆಯೆತ್ತಿ ಮೇಲೆ ನೋಡಿದ್ದನ್ನು ನಾನು ನನ್ನ ಕಣ್ಣಾರೆ ಕಂಡಿದ್ದೇನೆ.